ಪಿರಿಯರಸಿ ಶಾಂತಲದೇವಿಯ ಮುಡಿಪಿನ ಸ್ಥಳ: ಒಂದು ಸಾಕ್ಷ್ಯವಿಮರ್ಶೆ

ಕನ್ನಡನಾಡಿನ ಹಳೆಯ ಬರೆಹಗಳು ಪೂರ್ವಿಕರ ಹುಟ್ಟಿನ ವಿಚಾರದಲ್ಲಿ ಬಹುಮಟ್ಟಿಗೆ ಮೌನವಾಗಿವೆ. ಅವರ ಸಾವಿನ ವಿಚಾರದಲ್ಲಿ ಹಾಗಿಲ್ಲ. ಹುಟ್ಟಿದ ಕೂಸಿಗಾಗಿ ಯಾರೂ ಕಲ್ಲು ನಿಲ್ಲಿಸುತ್ತಿರಲಿಲ್ಲ. ಕಾದಿ ಬಿದ್ದವನಿಗೆ ವೀರಗಲ್ಲು, ಗಂಡನೊಡನೆ ಬೆಂಕಿಗೆ ಸಂದವಳಿಗೆ ಮಾಸ್ತಿಕಲ್ಲು, ವ್ರತವಿಡಿದು ಸಮಾಧಿಯನ್ನು ಸಾಧಿಸಿದವರಿಗೆ ನಿಸಿದಿ, ಹೀಗೆ ಸಾವಿನ ಬಗೆಗೆ ತಕ್ಕಂತೆ ಕಲ್ಲಿನ ಬಗೆಯೂ ಬೇರೆಬೇರೆಯಾಗಿ ಬೆಳೆಯಿತು. ಆದುದರಿಂದ ಇನ್ನಾವ ಸಾಧನವೂ ಇಲ್ಲದಿರುವಾಗ ಒಬ್ಬ ಪೂರ್ವಿಕನ ಕಾಲದೇಶಗಳನ್ನು ಗೊತ್ತುಮಾಡಲು ಆತನ ಮರಣಶಾಸನವೇ ಮೊದಲ ಆಧಾರವಾಗುತ್ತದೆ. ಆದರೆ ಇಂಥ ಶಾಸನಗಳನ್ನು ಓದುವಲ್ಲಿ ಒಂದು ತೊಡಕು ಪದೇ ಪದೇ ಒದಗುತ್ತದೆ. ಶಾಸನವು ಹೇಳಿದುದು, ಶಾಸನವು ಹೇಳದೆ ಬಿಟ್ಟುದು, ಬಿಟ್ಟುದನ್ನು ಜನರು ಆಮೇಲೆ ತುಂಬಿಕೊಂಡುದು, ಈ ಮೂರೂ ಓದುಗರ ಮನಸ್ಸಿನಲ್ಲಿ ಒಂದೇ ಆಗಿ ಬೆರೆತುಹೋಗುತ್ತವೆ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಾದೇವಿ ಶಾಂತಲದೇವಿಯ ಮರಣದ ವಿಚಾರವು ಈ ತೊಡಕಿಗೆ ಅತ್ಯಂತ ಪ್ರಸಿದ್ಧವಾದ ನಿದರ್ಶನವಾಗಿದೆ.

ಶಾಂತಲದೇವಿಯು ಶಿವಗಂಗೆಯಲ್ಲಿ ಕಾಲವಾದಳೆಂಬುದು ಕನ್ನಡಿಗರಲ್ಲಿ ಬಹುಜನರಿಗೆ ತಿಳಿದ ಸಂಗತಿ. ಆಕೆ ಬೆಟ್ಟದ ತುದಿಯಿಂದ ಹಾರಿ ಪ್ರಾಣಬಿಟ್ಟಳೆಂಬುದೂ ಅಷ್ಟೇ ಪ್ರಚಾರದಲ್ಲಿದೆ. ಮೊದಲನೆಯ ಮಾತಿಗೆ ಆಧಾರವು ಹನ್ನೆರಡನೆಯ ಶತಮಾನದ ಶಿಲಾಲಿಪಿ. ಎರಡನೆಯ ಮಾತಿಗೆ ಆಧಾರವು ಬೆಟ್ಟವನ್ನು ತೋರಿಸುವವರ ಬಾಯಿಮಾತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದುದರಿಂದ ಎರಡು ಬಗೆಯ ಹಾನಿಯಾಗಿದೆ. ಕೆಲವರು ಶಾಸನದ ಬಲದಿಂದ ಐತಿಹ್ಯವನ್ನೂ ನಂಬಿದರು; ಮತ್ತೆ ಕೆಲವರು ಐತಿಹ್ಯದ ಮೇಲಣ ಸಂದೇಹದಿಂದ ಶಾಸನೋಕ್ತವಾದ ಸ್ಥಳವನ್ನೂ ಸಂದೇಹಿಸುವಂತಾಯಿತು. ಸಾಕ್ಷ್ಯಗಳನ್ನು ಬಿಡಿಸಿ ಒಂದೊಂದರ ಬೆಲೆಯನ್ನು ಬೇರೆಬೇರೆಯಾಗಿ ಕಟ್ಟುವುದೇ ಈ ಲೇಖನದ ಉದ್ದೇಶ.

೧

ಮೊದಲು ಗಮನಿಸತಕ್ಕುದು, ‘ಮರಣಸ್ಥಳ’ವೆಂಬ ಒಂದು ಮಾತಿನಲ್ಲಿ ಮೂರು ಸ್ಥಳಗಳು ಅಡಗಿವೆಯೆಂಬುದು. ಪ್ರಾಣ ಹೋದ ಸ್ಥಳ ಒಂದು. ಸ್ಮಾರಕವು ನಿಂತ ಸ್ಥಳ ಇನ್ನೊಂದು. ಜನರ ನೆನಪು ನೆಲೆನಿಂತ ಸ್ಥಳ ಮತ್ತೊಂದು. ಇವು ಮೂರೂ ಒಂದೇ ಆಗಿರುವುದುಂಟು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಬಂಡೆಗಳ ಮೇಲೆ ಕೊರೆದಿರುವ ಏಳನೆಯ ಶತಮಾನದ ಕಿರುಶಾಸನಗಳಲ್ಲಿ ಬಹುಪಾಲು ಈ ಜಾತಿಗೆ ಸೇರಿದುವು. ದೂರದೂರದ ಊರುಗಳಿಂದ ಬಂದ ಮುನಿಗಳೂ ಕಂತಿಯರೂ ಆ ಬೆಟ್ಟವನ್ನೇರಿ, ವ್ರತವನ್ನು ನೋಂತು, ಅಲ್ಲಿಯೇ ಮುಡಿಪಿದರು. ಅವರು ಕುಳಿತೆಡೆಯ ಬಳಿಯ ಬಂಡೆಯೇ ಅವರ ಸ್ಮಾರಕವಾಯಿತು. ಇಂದಿಗೂ ಯಾತ್ರಿಕರು ಆ ಬೆಟ್ಟವನ್ನು ಅದೇ ಭಾವನೆಯಿಂದ ನೋಡುತ್ತಾರೆ. ಇಲ್ಲಿ ಓದುಗನಿಗೆ ಯಾವ ಅಪಾಯವೂ ಇಲ್ಲ.

ಆದರೆ ಅದೇ ಬೆಟ್ಟದಲ್ಲಿ ಕೂಗೆ ಬ್ರಹ್ಮದೇವನ ಕಂಬವಿದೆ. ಅದರ ಮೇಲೆ ಗಂಗರ ಅರಸ ಇಮ್ಮಡಿ ಮಾರಸಿಂಹನ ಪ್ರಶಸ್ತಿ ಇದೆ. ಆತನ ಗೆಲುವುಗಳನ್ನೆಲ್ಲ ಎಣಿಸಿದ ಬಳಿಕ ಆ ಶಾಸನವು, ಆತನು ರಾಜ್ಯವನ್ನು ಬಿಟ್ಟು ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನ ವ್ರತವನ್ನು ನಡೆಸಿ ಸಮಾಧಿಯನ್ನು ಪಡೆದನೆಂದು ತಿಳಿಸುತ್ತದೆ. ಇದು ೯೭೪ರ ಸುಮಾರಿನ ಮಾತು. ಕಂಬವು ಬೆಳಗೊಳದಲ್ಲಿದೆಯೆಂಬ ಒಂದೇ ಕಾರಣದಿಂದ ಮಾರಸಿಂಹನೂ ಬೆಳಗೊಳದಲ್ಲಿ ಮಡಿದನೆಂದು ಬಗೆದರೆ ತಪ್ಪಾಗುತ್ತದೆ. ಏಕೆಂದರೆ ಶಾಸನವು ಸಮಾಧಿಸ್ಥಳವನ್ನು ಬಂಕಾಪುರವೆಂದು ಹೆಸರಿಟ್ಟು ಹೇಳುತ್ತದೆ. ಕಲ್ಲು ಒಂದೆಡೆ, ಸಾವು ಇನ್ನೊಂದೆಡೆ. ಬಂಕಾಪುರದಿಂದ ಅಷ್ಟು ದೂರದಲ್ಲಿ ಕಂಬವು ನಿಂತುದಕ್ಕೆ ಕಾರಣವನ್ನು ಅರಸುವುದು ಕಷ್ಟವಲ್ಲ. ಬೆಳಗೊಳವು ಗಂಗರ ಆಡಳಿತದ ಸೀಮೆಗೂ ಜೈನರ ಭಕ್ತಿಗೂ ಸಮಾನವಾದ ಕೇಂದ್ರವಾಗಿದ್ದಿತು. ಸ್ಮಾರಕವು ಸತ್ತವನು ಬಿದ್ದಲ್ಲಿಗಿಂತ ಬದುಕಿದವರು ಬಂದು ನೋಡುವಲ್ಲಿ ನಿಲ್ಲುವುದೇ ಲೋಕರೂಢಿ.

ಮಾರಸಿಂಹನ ಅಳಿಯನೂ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮೊಮ್ಮಗನೂ ಆದ ನಾಲ್ವಡಿ ಇಂದ್ರರಾಜನ ಶಾಸನವು ಇನ್ನೊಂದು ಬಗೆಯ ಎಚ್ಚರಿಕೆಯನ್ನು ಕೊಡುತ್ತದೆ. ಅದರ ಬಹುಭಾಗವು ಕಂದುಕಕ್ರೀಡೆಯಲ್ಲಿ ಆತನಿಗಿದ್ದ ಕೌಶಲದ ವರ್ಣನೆ. ಕುದುರೆಯೇರಿ ಚೆಂಡನ್ನು ಹೊಡೆಯುವ ಗತಿಭೇದಗಳೇ ಅಲ್ಲಿ ಪದ್ಯಗಳ ವಸ್ತು. ಮರಣದ ಸಂಗತಿಯು ಕೊನೆಗೆ, ಅತಿಸಂಕ್ಷೇಪವಾಗಿ, ಬರುತ್ತದೆ. ಆ ದಿನವನ್ನು ೯೮೨ನೆಯ ಇಸವಿ ಮಾರ್ಚಿ ೨೦, ಸೋಮವಾರವೆಂದು ವಿದ್ವಾಂಸರು ಲೆಕ್ಕಮಾಡಿದ್ದಾರೆ. ಮರಣಶಾಸನವೆಂದ ಮಾತ್ರಕ್ಕೆ ಅದರ ಗಮನವೆಲ್ಲ ಮರಣದ ಮೇಲೆಯೇ ಇರುವುದೆಂದು ನಿರೀಕ್ಷಿಸಲಾಗದು. ಕವಿಗೆ ಬೇಕಾದುದು ಬಾಳು, ಸಂಶೋಧಕನಿಗೆ ಬೇಕಾದುದು ಸಾವು. ಕವಿಯು ಒಂದು ಮಾತಿನಲ್ಲಿ ದಾಟಿಹೋದುದನ್ನು ಸಂಶೋಧಕನು ಹತ್ತು ಮಾತುಗಳಿಗೆ ಹಿಗ್ಗಿಸಹೋದಾಗಲೇ ಊಹೆಯು ಸಾಕ್ಷ್ಯದ ವೇಷವನ್ನು ಧರಿಸುತ್ತದೆ.

ಇದರೊಡನೆ ‘ಪರೋಕ್ಷವಿನಯ’ವೆಂಬ ಪರಿಭಾಷೆಯನ್ನೂ ನೆನೆಯಬೇಕು. ಗುರುವಿಗೆ ಶಿಷ್ಯನು, ತಂದೆಗೆ ಮಗನು, ಗಂಡನಿಗೆ ಹೆಂಡತಿಯು ‘ಪರೋಕ್ಷವಿನಯ’ಕ್ಕೆಂದು ನಿಸಿದಿಯನ್ನು ನಿಲ್ಲಿಸಿದರೆಂದು ಅನೇಕ ಶಾಸನಗಳು ಹೇಳುತ್ತವೆ. ಪರೋಕ್ಷವೆಂದರೆ ಕಣ್ಣಿಗೆ ಕಾಣದುದು. ಆದುದರಿಂದ ದೂರದಲ್ಲಿ ಸತ್ತವರಿಗಾಗಿಯೇ ಇಂಥ ಕಲ್ಲು ನಿಂತಿತೆಂದು ಅರ್ಥಮಾಡುವುದು ಸುಲಭ. ಆದರೆ ಆ ಅರ್ಥವು ಎಲ್ಲೆಡೆಯೂ ಸಲ್ಲದು. ಕಣ್ಣೆದುರಿಗೇ ತೀರಿಕೊಂಡ ಗುರುವೂ ತೀರಿಕೊಂಡ ಗಳಿಗೆಯಿಂದ ಪರೋಕ್ಷನೇ ಆಗುತ್ತಾನೆ. ಆ ಮಾತು ಕಾಲದ ಅಗಲಿಕೆಯನ್ನು ಹೇಳುತ್ತದೆಯೇ ಹೊರತು ದಾರಿಯ ದೂರವನ್ನಲ್ಲ. ಆದುದರಿಂದ ಸ್ಥಳನಿರ್ಣಯಕ್ಕೆ ಆ ಪರಿಭಾಷೆಯೊಂದೇ ಸಾಲದು; ಸ್ಥಳದ ಹೆಸರೇ ಶಾಸನದಲ್ಲಿ ಬರಬೇಕು.

೨

ಶಾಂತಲದೇವಿಯ ವಿಚಾರದಲ್ಲಿ ಹೆಸರು ಬಂದಿದೆ. ಆದರೆ ಅದು ಬಂದಿರುವುದು ಆಕೆಯ ಸ್ವಂತ ಸ್ಮಾರಕದಲ್ಲಿ ಅಲ್ಲ, ಆಕೆಯ ತಾಯಿಯ ಮರಣಶಾಸನದಲ್ಲಿ. ಈ ಒಂದು ಸಂಗತಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯೆಂದು ಪ್ರಸಿದ್ಧವಾದ ಶಾಂತಿನಾಥನ ಬಸದಿ ಇದೆ. ಇದನ್ನು ೧೧೨೩ರಲ್ಲಿ ಕಟ್ಟಿಸಿದವಳು ಶಾಂತಲದೇವಿ. ಆಕೆಯ ಗುರು ಮೇಘಚಂದ್ರ ತ್ರೈವಿದ್ಯರ ಶಿಷ್ಯರಾದ ಪ್ರಭಾಚಂದ್ರ ಸಿದ್ಧಾಂತದೇವರು. ಈ ಬಸದಿಯ ಬಳಿಯ ಮಂಟಪದ ಕಂಬವೊಂದರ ಮೇಲೆ ಪ್ರಕೃತ ಶಾಸನವಿದೆ. ೧೮೮೯ರಲ್ಲಿ ರೈಸ್ ಅವರು ಶ್ರವಣಬೆಳಗೊಳದ ೧೪೪ ಶಾಸನಗಳನ್ನು ಪ್ರಕಟಿಸಿದಾಗ ಇದಕ್ಕೆ ೫೩ ಎಂಬ ಸಂಖ್ಯೆ ಬಿದ್ದಿತು; ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರು ೫೦೦ ಶಾಸನಗಳನ್ನು ಕೂಡಿಸಿ ಅದೇ ಸಂಪುಟವನ್ನು ಪರಿಷ್ಕರಿಸಿದಾಗ ಇದು ೧೪೩ನೆಯದಾಯಿತು. ೧೯೭೩ರಲ್ಲಿ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯು ಹೊರತಂದ ಆವೃತ್ತಿಯಲ್ಲಿ ಶಾಸನಗಳ ಸಂಖ್ಯೆ ಇನ್ನೂ ಬೆಳೆದಿದೆ. ಹೀಗೆ ಪಾಠವು ಮೂರು ಪರಿಷ್ಕರಣಗಳನ್ನು ಕಂಡು ವಿದ್ವಾಂಸರ ಕೈಯಲ್ಲಿದೆ.

ಶಾಸನದ ವಸ್ತುವನ್ನು ಹೀಗೆ ಸಂಗ್ರಹಿಸಬಹುದು. ಮೊದಲು ಹೊಯ್ಸಳ ವಂಶದ ಮತ್ತು ವಿಷ್ಣುವರ್ಧನನ ಪ್ರಶಂಸೆ. ಬಳಿಕ ಪಟ್ಟಮಹಾದೇವಿಯ ಗುಣವರ್ಣನೆ. ಬಳಿಕ ಶಕವರ್ಷ ೧೦೫೩ಕ್ಕೆ ಸಲ್ಲುವ ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ ಸೋಮವಾರದಂದು ಶಿವಗಂಗೆಯ ತೀರ್ಥದಲ್ಲಿ ಆಕೆ ಮುಡಿಪಿ ಸ್ವರ್ಗಸ್ಥಳಾದಳೆಂಬ ಮಾತು. ಅನಂತರ ಶಾಸನವು ಆಕೆಯ ತಾಯಿ ಮಾಚಿಕಬ್ಬೆಯ ಕಡೆಗೆ ತಿರುಗುತ್ತದೆ. ಮಗಳು ಇಲ್ಲದ ಬಳಿಕ ತಾನು ಉಳಿಯಲಾರೆನೆಂದು ಆಕೆ ನಿಶ್ಚಯಿಸಿ, ಬೆಳಗೊಳಕ್ಕೆ ಬಂದು, ಸನ್ಯಸನವನ್ನು ಕೈಕೊಂಡು, ಒಂದು ತಿಂಗಳು ಆಹಾರವನ್ನು ತೊರೆದು, ಗುರುಗಳ ಸನ್ನಿಧಿಯಲ್ಲಿ ಸಮಾಧಿಯಿಂದ ದೇಹವನ್ನು ಬಿಟ್ಟಳು. ಮಾಚಿಕಬ್ಬೆಯ ತವರಿನ ವಂಶಾವಳಿಯೂ ಇಲ್ಲಿದೆ: ದಂಡಾಧೀಶ ನಾಗವರ್ಮ, ಆತನ ಮಗ ಬಲದೇವ, ಬಲದೇವನ ಮಗಳು ಮಾಚಿಕಬ್ಬೆ. ಶಾಸನವನ್ನು ಬರೆದವನು ಚಾರುಕೀರ್ತಿದೇವರ ಗುಡ್ಡನಾದ ಲೇಖಕ ಬೋಕಿಮಯ್ಯ.

ಶಕವರ್ಷವೂ ಸಂವತ್ಸರವೂ ಪರಸ್ಪರ ಹೊಂದುತ್ತವೆ. ಎರಡೂ ೧೧೩೧ನೆಯ ಇಸವಿಯನ್ನೇ ತೋರಿಸುತ್ತವೆ. ಬಸದಿಯನ್ನು ಕಟ್ಟಿಸಿದ ಎಂಟು ವರ್ಷಗಳ ಬಳಿಕ ಕಟ್ಟಿಸಿದವಳ ಮರಣವೂ, ಅದೇ ಬಸದಿಯ ನೆರೆಯಲ್ಲಿ ಆಕೆಯ ತಾಯಿಯ ಸ್ಮಾರಕವೂ ಆದವೆಂದಾಯಿತು.

೩

ಈ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದು? ಮೂರು ಕಾರಣಗಳಿಂದ ಇದು ಬಹಳ ಬಲವಾದುದಾಗಿ ತೋರುತ್ತದೆ.

ಮೊದಲನೆಯದು ಕಾಲದ ಸಾಮೀಪ್ಯ. ಮಗಳ ಸಾವಿಗೂ ತಾಯಿಯ ಸಾವಿಗೂ ನಡುವೆ ಶಾಸನವು ಬೇರೆ ಯಾವ ಘಟನೆಯನ್ನೂ ಸೇರಿಸುವುದಿಲ್ಲ. ಒಂದು ದುಃಖದಿಂದ ಇನ್ನೊಂದು ನಿಶ್ಚಯವು ನೇರವಾಗಿ ಹುಟ್ಟುತ್ತದೆ. ಅರಮನೆಯನ್ನೂ ಆ ಮನೆತನವನ್ನೂ ಬಲ್ಲ ಜನರು ಇನ್ನೂ ಬದುಕಿದ್ದಾಗ, ಅವರೇ ಬಂದು ಓದಬಲ್ಲ ಎಡೆಯಲ್ಲಿ ನಿಂತ ಕಂಬವಿದು. ಪಟ್ಟದ ರಾಣಿಯು ಎಲ್ಲಿ ತೀರಿಕೊಂಡಳೆಂಬ ಲೋಕವಿದಿತವಾದ ಸಂಗತಿಯಲ್ಲಿ ಇಂಥ ಬರೆಹವು ತಪ್ಪುವುದು ದುಸ್ಸಾಧ್ಯ.

ಎರಡನೆಯದು ಪ್ರಾಸಂಗಿಕತೆ. ಶಾಸನದ ನಾಯಿಕೆ ಮಾಚಿಕಬ್ಬೆ; ಶಾಂತಲೆಯ ಮರಣವು ಅಲ್ಲಿ ಬರುವುದು ತಾಯಿಯ ನಿಶ್ಚಯಕ್ಕೆ ಕಾರಣವಾಗಿ. ಒಂದು ಬರೆಹವು ತಾನು ಸಾಧಿಸಹೊರಟ ವಿಷಯದಲ್ಲಿ ಅತಿಶಯೋಕ್ತಿಗೆ ಎಡೆಗೊಟ್ಟೀತು. ದಾರಿಯಲ್ಲಿ ಹೇಳಿಹೋದ ವಿಷಯದಲ್ಲಿ ಅದಕ್ಕೆ ಅಂಥ ಆಸೆಯಿರುವುದಿಲ್ಲ. ತಾಯಿಯ ವ್ರತವನ್ನು ಕೀರ್ತಿಸುವುದಕ್ಕಾಗಿ ಮಗಳ ಮರಣಸ್ಥಳವನ್ನು ಕಲ್ಪಿಸಬೇಕಾದ ಅಗತ್ಯ ಬೋಕಿಮಯ್ಯನಿಗೆ ಯಾವುದೂ ಇರಲಿಲ್ಲ.

ಮೂರನೆಯದೇ ಮುಖ್ಯವಾದುದು. ಸ್ಥಳದ ಹೆಸರು ಶಾಸನಕಾರನ ಪಕ್ಷಪಾತಕ್ಕೆ ವಿರೋಧವಾಗಿದೆ. ಬರೆದವನು ಜೈನಗುರುವಿನ ಶಿಷ್ಯ. ಬರೆಸಿಕೊಂಡ ಎಡೆ ಜೈನರ ಪರಮತೀರ್ಥ. ವರ್ಣಿತಳಾದವಳು ಜಿನಧರ್ಮಕ್ಕೆ ಬಸದಿಯನ್ನೆತ್ತಿಸಿದ ರಾಣಿ. ಕಲ್ಪನೆಗೆ ಅವಕಾಶವಿದ್ದಿದ್ದರೆ ಆಕೆಯನ್ನು ಬೆಳಗೊಳದಲ್ಲಿ, ತಾನೇ ಕಟ್ಟಿಸಿದ ಬಸದಿಯ ನೆರಳಿನಲ್ಲಿ, ಪ್ರಭಾಚಂದ್ರದೇವರ ಸನ್ನಿಧಿಯಲ್ಲಿ ಮುಡಿಪಿಸುವುದು ಬಹು ಸುಲಭವಾಗಿದ್ದಿತು. ಹಾಗೆ ಮಾಡದೆ ಶಿವನ ಹೆಸರನ್ನು ಹೊತ್ತ ತೀರ್ಥವೊಂದನ್ನು ಆತನು ಹೆಸರಿಸಿದ್ದಾನೆ. ಬರೆಯುವವನಿಗೆ ಅನುಕೂಲವಲ್ಲದ ಸಂಗತಿಯೂ ಬರೆಹದಲ್ಲಿ ಉಳಿದಿದ್ದರೆ ಅದು ನಡೆದ ಸಂಗತಿಯೇ ಆಗಿರುವ ಸಂಭವವು ಹೆಚ್ಚು. ಈ ಒಂದು ನ್ಯಾಯದಿಂದಲೇ ಶಿವಗಂಗೆಯ ಹೆಸರು ನಿಲ್ಲುತ್ತದೆ.

ಜಿನಭಕ್ತಳಾದ ರಾಣಿಯು ಶಿವಗಂಗೆಗೆ ಹೋದುದು ಹೇಗೆಂಬ ಪ್ರಶ್ನೆಯನ್ನೆತ್ತಿ ಶಾಸನವನ್ನು ಸಂದೇಹಿಸುವವರು ಆ ಮನೆತನದ ರೀತಿಯನ್ನು ಮರೆಯುತ್ತಾರೆ. ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯನು ಶೈವನು, ತಾಯಿ ಜೈನಳು, ಗಂಡನು ವೈಷ್ಣವ ದೇವಾಲಯಗಳ ನಿರ್ಮಾಪಕನೆಂದು ಪ್ರಸಿದ್ಧನು, ಬೇಲೂರಿನ ಚೆನ್ನಕೇಶವನ ಆವರಣದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿಯು ಶಾಂತಲೆಯದೇ ಪ್ರತಿಷ್ಠೆ. ಒಂದೇ ಮನೆಯಲ್ಲಿ ಮೂರು ದೇವರಿಗೆ ದೀಪವುರಿಯುತ್ತಿದ್ದಾಗ ಮಗಳು ತಂದೆಯ ದೇವರ ಬೆಟ್ಟವನ್ನೇರಿದುದರಲ್ಲಿ ಅಸಂಗತವಾದುದು ಏನೂ ಇಲ್ಲ. ಇದು ಆಕೆಯ ಹೋಗುವಿಕೆಗೆ ಕಾರಣವೆಂದು ಸಾಧಿಸುವ ಮಾತಲ್ಲ. ಹೋಗುವಿಕೆಯು ಅಸಂಭವವೆಂಬ ಆಕ್ಷೇಪಕ್ಕೆ ಉತ್ತರ ಮಾತ್ರ.

೪

ಸ್ಥಳವು ನಿಂತಿತು, ಬಗೆಯ ಮಾತೇನು? ಇಲ್ಲಿ ಇಡಿಯ ಚರ್ಚೆಯು ‘ಮುಡಿಪು’ ಎಂಬ ಒಂದು ಕ್ರಿಯಾಪದದ ಮೇಲೆ ನಿಂತಿದೆ.

ಮುಡಿ ಎಂದರೆ ಕೊನೆಗೊಳ್ಳು, ಮುಗಿ ಎಂದರ್ಥ. ಮುಡಿಪು ಎಂದರೆ ಕೊನೆಗಾಣಿಸು, ಪ್ರಾಣವನ್ನು ಬಿಡು. ಚಿಕ್ಕಬೆಟ್ಟದ ಪ್ರಾಚೀನ ನಿಸಿದಿಗಳಲ್ಲಿ ಈ ಪದವು ಮೇಲಿಂದ ಮೇಲೆ ಬರುತ್ತದೆ. ಆದುದರಿಂದ ಕೆಲವರು, ಮುಡಿಪಿದಳೆಂದ ಮೇಲೆ ಸಲ್ಲೇಖನದಿಂದಲೇ ಮಡಿದಳೆಂದು ನಿಶ್ಚಯಿಸಬಹುದೆನ್ನುತ್ತಾರೆ. ಈ ವಾದದಲ್ಲಿ ಸ್ವಲ್ಪ ಬಲವುಂಟು. ಜೈನಶಾಸನದಲ್ಲಿ, ಜೈನಕ್ಷೇತ್ರದಲ್ಲಿ, ಶತಮಾನಗಳಿಂದ ಸಮಾಧಿಮರಣಕ್ಕೆ ಬಳಸಿದ ಪದವನ್ನೇ ಲೇಖಕನು ಎತ್ತಿಕೊಂಡಾಗ ಅದರ ಹಿಂದಣ ಭಾವವನ್ನು ಆತನು ಅರಿಯದೆ ಬಳಸಿದನೆನ್ನಲಾಗದು.

ಆದರೆ ಹಳೆಯ ನಿಸಿದಿಗಳನ್ನು ಸೂಕ್ಷ್ಮವಾಗಿ ನೋಡಿದರೆ ಮತ್ತೊಂದು ಅಂಶವು ಗೋಚರಿಸುತ್ತದೆ. ಅಲ್ಲಿ ಸಾಮಾನ್ಯವಾಗಿ ಬರುವುದು ಮುಡಿಪು ಎಂಬ ಪದವೊಂದೇ ಅಲ್ಲ. ಅದರ ಹಿಂದೆ ‘ನೋಂತು’ ಎಂಬ ಪದವೂ ಬರುತ್ತದೆ. ಒಂದು ತಿಂಗಳು ನೋಂತು, ಮೂರು ತಿಂಗಳು ನೋಂತು, ಸನ್ಯಸನವನ್ನು ನೋಂತು, ಹೀಗೆ ವ್ರತವನ್ನು ಹೇಳುವ ಭಾರವನ್ನು ನೋಂತು ಎಂಬುದು ಹೊರುತ್ತದೆ. ಮುಡಿಪು ಎಂಬುದು ಆ ವ್ರತದ ಅಂತ್ಯವನ್ನು ಹೇಳುತ್ತದೆ. ಎರಡು ಪದಗಳ ನಡುವೆ ಈ ವಿಭಾಗವಿರುವಾಗ, ಒಂದು ಮಾತ್ರ ಬಂದೆಡೆಯಲ್ಲಿ ಇನ್ನೊಂದರ ಅರ್ಥವನ್ನೂ ಅದರ ಮೇಲೆ ಹೇರುವುದು ಸರಿಯಾದ ಕ್ರಮವಲ್ಲ. ಶಾಂತಲೆಯ ವಾಕ್ಯದಲ್ಲಿ ತಿಥಿಯಿದೆ, ವಾರವಿದೆ, ಸ್ಥಳವಿದೆ. ವ್ರತದ ಹೆಸರಿಲ್ಲ, ದಿನಗಳ ಎಣಿಕೆಯಿಲ್ಲ, ಸನ್ನಿಧಿಯಲ್ಲಿದ್ದ ಗುರುವಿನ ಹೆಸರಿಲ್ಲ. ಮಾಚಿಕಬ್ಬೆಯ ಭಾಗದಲ್ಲಾದರೋ ಇವೆಲ್ಲವೂ ಇವೆ. ಒಂದೇ ಕಂಬದ ಮೇಲೆ, ಒಂದೇ ಕೈಯ ಬರೆಹದಲ್ಲಿ, ತಾಯಿಗೆ ಅಷ್ಟು ವಿಸ್ತರ, ಮಗಳಿಗೆ ಇಷ್ಟು ಸಂಕ್ಷೇಪ.

ಈ ವ್ಯತ್ಯಾಸವನ್ನೇ ಹಿಡಿದು, ಮಗಳದು ವ್ರತಮರಣವಲ್ಲದುದರಿಂದಲೇ ವಿವರಗಳನ್ನು ಮುಚ್ಚಿಟ್ಟರು, ಆದುದರಿಂದ ಅದು ಆತ್ಮಹತ್ಯೆಯೇ ಇರಬೇಕು ಎಂದು ತರ್ಕಿಸುವವರೂ ಇದ್ದಾರೆ. ಈ ತರ್ಕವು ಹಿಂದಿನದಕ್ಕಿಂತ ದುರ್ಬಲವಾದುದು. ವಿವರವಿಲ್ಲದಿರುವುದು ವಿವರವನ್ನು ಮುಚ್ಚಿಟ್ಟುದಕ್ಕೆ ಪ್ರಮಾಣವಾಗಲಾರದು. ಇದು ತಾಯಿಯ ಶಾಸನ. ಇದರಲ್ಲಿ ಮಗಳ ಮರಣವು ಪೀಠಿಕೆ. ಪೀಠಿಕೆಯು ಸಂಕ್ಷೇಪವಾಗಿರುವುದೂ ವಸ್ತುವು ವಿಸ್ತಾರವಾಗಿರುವುದೂ ರಚನೆಯ ಸಹಜಧರ್ಮ. ಇಂದ್ರರಾಜನ ಕಂಬದ ಮೇಲೆ ಸಾವಿನ ಮಾತು ಕಿರಿದಾಗಿದೆಯೆಂದು ಅಲ್ಲಿ ರಹಸ್ಯವನ್ನು ಹುಡುಕಲು ಯಾರೂ ಹೊರಡುವುದಿಲ್ಲ. ಇದಲ್ಲದೆ, ಸಮಾಧಿಮರಣಕ್ಕೂ ಆವೇಗದ ಆತ್ಮಘಾತಕ್ಕೂ ಜೈನಶಾಸ್ತ್ರವು ದೊಡ್ಡ ಅಂತರವನ್ನು ಕಾಣುತ್ತದೆ. ಎರಡನೆಯದನ್ನು ಹೇಳಲು ಶುಭಸೂಚಕವಾದ ಮುಡಿಪು ಎಂಬ ಪದವನ್ನು ಚಾರುಕೀರ್ತಿದೇವರ ಶಿಷ್ಯನು ಬಳಸಿದನೆಂದು ನಂಬುವುದು ಕಷ್ಟ.

ಆದುದರಿಂದ ಪದದ ಒಲವು ವ್ರತಮರಣದ ಕಡೆಗಿದೆ. ಆದರೆ ಒಲವು ನಿರ್ಣಯವಲ್ಲ. ಶಾಂತಲೆಯು ಶಿವಗಂಗೆಯಲ್ಲಿ ಕಾಲವಾದಳೆಂಬಲ್ಲಿಗೆ ಶಾಸನವು ನಿಲ್ಲುತ್ತದೆ. ಶಾಸನವು ನಿಂತಲ್ಲಿ ಶಾಸನವನ್ನು ಆಧಾರವಾಗಿ ಹಿಡಿದವನೂ ನಿಲ್ಲಬೇಕು.

೫

ಐತಿಹ್ಯವು ಹಾಗೆ ನಿಲ್ಲುವುದಿಲ್ಲ. ಬೆಂಗಳೂರಿಗೆ ವಾಯವ್ಯದಲ್ಲಿರುವ ಶಿವಗಂಗೆಯ ಬೆಟ್ಟವು ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ನೆಲೆ. ಅದರ ಶಿಖರದ ಕಡಿದಾದ ಒಂದು ಅಂಚನ್ನು ಶಾಂತಲೆಯು ಹಾರಿದ ಸ್ಥಳವೆಂದು ತೋರಿಸುವುದು ವಾಡಿಕೆಯಾಗಿದೆ. ಕಾರಣವನ್ನೂ ಕಥೆಯು ಕೊಡುತ್ತದೆ: ರಾಣಿಗೆ ಗಂಡುಮಕ್ಕಳಿಲ್ಲ, ಸವತಿಯ ದಾರಿಯನ್ನು ಬಿಟ್ಟುಕೊಡಲು ಆಕೆ ತನ್ನನ್ನು ತಾನೇ ಕಳೆದುಕೊಂಡಳು. ವಿಷ್ಣುವರ್ಧನನ ಬಳಿಕ ಪಟ್ಟವೇರಿದ ನರಸಿಂಹನು ಲಕ್ಷ್ಮೀದೇವಿಯ ಮಗನೆಂಬ ಐತಿಹಾಸಿಕ ಸಂಗತಿಯು ಈ ಕಥೆಗೆ ಒಂದು ಕಾಲನ್ನು ಒದಗಿಸಿದೆ. ಇನ್ನೊಂದು ಕಾಲು ‘ಸವತಿಗಂಧವಾರಣೆ’ ಎಂಬ ಬಿರುದು.

ಈ ಬಿರುದನ್ನು ಮನೆಯೊಳಗಣ ಮತ್ಸರಕ್ಕೆ ಸಾಕ್ಷಿಯಾಗಿ ಓದುವುದು ಬಿರುದುಗಳ ಸ್ವಭಾವವನ್ನು ಅರಿಯದ ಓದು. ಗಂಧವಾರಣವೆಂದರೆ ಮದ್ದಾನೆ, ಸೊಕ್ಕಿದ ಸವತಿಯರಿಗೆ ಮದ್ದಾನೆಯಂಥವಳೆಂಬುದು ಪಟ್ಟದರಸಿಯ ಹಿರಿಮೆಯನ್ನು ಸಾರುವ ಆಸ್ಥಾನದ ಮಾತು, ಅರಸನಿಗೆ ವೈರಿಗಳ ಹೆಸರನ್ನು ಸೇರಿಸಿ ಕಟ್ಟುವ ಬಿರುದುಗಳ ಜಾತಿಗೇ ಅದು ಸೇರಿದುದು. ಅದೂ ಅಲ್ಲದೆ, ೧೧೨೩ರಲ್ಲಿ ಕಟ್ಟಿದ ಬಸದಿಗೆ ಆ ಬಿರುದಿನಿಂದಲೇ ಹೆಸರು ಬಂದಿದೆ. ಮರಣಕ್ಕೆ ಎಂಟು ವರ್ಷಗಳ ಹಿಂದೆಯೇ ದೇವಾಲಯಕ್ಕೆ ಹೆಸರಾಗಿ ಮೆರೆದ ಬಿರುದು ಮರಣದ ಕಾರಣವನ್ನು ಹೇಳಬಲ್ಲುದೇ? ಸೋತು ಹಿಂಜರಿದ ಹೆಂಗಸಿನ ಕಥೆಗೆ ಸವತಿಯರನ್ನು ಮೆಟ್ಟಿನಿಂತವಳೆಂಬ ಬಿರುದನ್ನು ಆಧಾರವಾಗಿ ತರುವುದು ತರ್ಕಕ್ಕೂ ಒಗ್ಗದು.

ಕಥೆಯು ಹುಟ್ಟಿದುದು ಹೇಗೆಂಬುದಕ್ಕೆ ಒಂದು ಊಹೆಯನ್ನು ಮುಂದಿಡಬಹುದು. ಮುಡಿಪು ಎಂಬ ಕ್ರಿಯಾಪದವು ಹಳಗನ್ನಡದೊಡನೆಯೇ ಬಳಕೆಯಿಂದ ಜಾರಿತು. ಹೊಸಗನ್ನಡದಲ್ಲಿ ಉಳಿದುದು ಮುಡಿಪೆಂಬ ನಾಮಪದ. ಅದರ ಅರ್ಥವು ದೇವರಿಗೆ ಮೀಸಲಾಗಿ ಕಟ್ಟಿಟ್ಟ ಕಾಣಿಕೆ. ಬಾಳನ್ನು ಮುಡಿಪಾಗಿಟ್ಟರೆಂಬ ಮಾತಿನಲ್ಲಿ ತ್ಯಾಗದ ಭಾವವು ತಾನಾಗಿ ಬರುತ್ತದೆ. ಶಿವಗಂಗೆಯಲ್ಲಿ ಮುಡಿಪಿದಳೆಂಬ ವಾಕ್ಯವನ್ನು ಇಂದಿನ ಕಿವಿಯು ಕೇಳಿದಾಗ, ಕೊನೆಯುಸಿರೆಳೆದಳೆಂಬ ಹಳೆಯ ಅರ್ಥಕ್ಕಿಂತ ತನ್ನನ್ನು ಅರ್ಪಿಸಿಕೊಂಡಳೆಂಬ ಹೊಸ ಅರ್ಥವೇ ಮೊದಲು ಹೊಳೆಯುವುದು ಸಹಜ. ಎತ್ತರವಾದ ಬೆಟ್ಟವೂ ಅರ್ಪಣೆಯ ಭಾವವೂ ಕೂಡಿದರೆ ಹಾರುವ ಕಥೆಗೆ ಉಳಿದುದು ಒಂದೇ ಹೆಜ್ಜೆ. ಇದು ಊಹೆಯೇ ಸರಿ. ಆದರೆ ಪದಾರ್ಥದ ಪಲ್ಲಟದಿಂದ ಚರಿತ್ರೆಯೇ ಪಲ್ಲಟಗೊಳ್ಳಬಹುದೆಂಬ ಎಚ್ಚರವು ಸಾಹಿತ್ಯದ ಅಧ್ಯಾಪಕರಿಗೆ ಪ್ರಯೋಜನಕರವಾದುದು.

ಕೆ. ವಿ. ಅಯ್ಯರ್ ಅವರ ‘ಶಾಂತಲಾ’, ಸಿ. ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಈ ರಾಣಿಯ ಬಾಳನ್ನು ಕಾದಂಬರಿಗಳಾಗಿ ಕನ್ನಡಿಗರ ಮನೆಮನೆಗೆ ತಲಪಿಸಿವೆ. ಶಾಸನವು ಬಿಟ್ಟ ತೆರವನ್ನು ತುಂಬುವುದು ಕಾದಂಬರಿಕಾರನ ಹಕ್ಕು. ಅದನ್ನು ಆಕ್ಷೇಪಿಸುವುದು ವಿಮರ್ಶೆಯ ಕೆಲಸವಲ್ಲ. ಆಕ್ಷೇಪಾರ್ಹವಾದುದು ಅದರ ಮುಂದಿನ ಹೆಜ್ಜೆ: ಕಾದಂಬರಿಯಲ್ಲಿ ಓದಿದುದನ್ನು ತಿರುಗಿ ಶಾಸನದೊಳಗೆ ಕಂಡಂತೆ ಭ್ರಮಿಸುವುದು. ತರಗತಿಯಲ್ಲಿ ಶಾಸನವನ್ನೂ ಕಾದಂಬರಿಯನ್ನೂ ಒಟ್ಟಿಗೆ ಓದಿಸುವವರು ಎರಡರ ಗಡಿಯನ್ನು ಗುರುತಿಸಿಕೊಟ್ಟರೆ ಎರಡಕ್ಕೂ ನ್ಯಾಯವಾದೀತು.

೬

ಇಲ್ಲಿ ಬೆಳಗೊಳದ ಮತ್ತೊಂದು ಪ್ರಸಿದ್ಧ ಮರಣವನ್ನು ಹೋಲಿಕೆಗಾಗಿ ತರಬಹುದು. ಮೌರ್ಯ ಚಂದ್ರಗುಪ್ತನು ರಾಜ್ಯವನ್ನು ತೊರೆದು ಭದ್ರಬಾಹುವಿನೊಡನೆ ಇಲ್ಲಿಗೆ ಬಂದು ಸಮಾಧಿಯನ್ನು ಪಡೆದನೆಂಬುದು ಆ ಕ್ಷೇತ್ರದ ಸಂಪ್ರದಾಯ. ಚಿಕ್ಕಬೆಟ್ಟಕ್ಕೆ ಚಂದ್ರಗಿರಿಯೆಂಬ ಹೆಸರು ಇದರಿಂದಲೇ. ಆದರೆ ಅಲ್ಲಿನ ಅತ್ಯಂತ ಪ್ರಾಚೀನವಾದ, ಸುಮಾರು ೬೦೦ರ ಶಾಸನವು ಉಜ್ಜಯಿನಿಯಲ್ಲಿ ಭದ್ರಬಾಹುವು ಕ್ಷಾಮವನ್ನು ಮುಂತಿಳಿಸಿದುದನ್ನೂ ಸಂಘವು ದಕ್ಷಿಣಕ್ಕೆ ಬಂದುದನ್ನೂ ಹೇಳಿ, ಕಟವಪ್ರದ ಬೆಟ್ಟದಲ್ಲಿ ಸಮಾಧಿಯನ್ನು ಸಾಧಿಸಿದವರ ಹೆಸರನ್ನು ಪ್ರಭಾಚಂದ್ರನೆಂದು ಕೊಡುತ್ತದೆ. ಸುಮಾರು ೬೫೦ರ ಇನ್ನೊಂ‌ದು ಶಾಸನದಲ್ಲಿ ಭದ್ರಬಾಹು, ಚಂದ್ರಗುಪ್ತ ಎಂಬ ಮುನಿಗಳ ಜೋಡಿಯ ಹೆಸರು ಬರುತ್ತದೆ. ೯೩೧ರಲ್ಲಿ ಹರಿಷೇಣನು ರಚಿಸಿದ ಬೃಹತ್ಕಥಾಕೋಶದಲ್ಲಿ ಭದ್ರಬಾಹುವು ದಕ್ಷಿಣಕ್ಕೆ ಬಾರದೆ ಅವಂತಿಯ ಸೀಮೆಯಲ್ಲಿಯೇ ಸಮಾಧಿಹೊಂದುತ್ತಾನೆ. ದೀಕ್ಷೆಗೊಂಡ ಚಂದ್ರಗುಪ್ತನು ಸಂಘವನ್ನು ಪುನ್ನಾಟಕ್ಕೆ ಕರೆತರುತ್ತಾನೆ. ರೈಸ್ ಅವರು ಸಂಪ್ರದಾಯವನ್ನು ಸಮರ್ಥಿಸಿದರು. ಫ್ಲೀಟ್ ಅವರು ಖಂಡಿಸಿದರು. ವಾದವು ದಶಕಗಳ ಕಾಲ ನಡೆಯಿತು.

ಎರಡು ಮರಣಗಳನ್ನೂ ಪಕ್ಕಪಕ್ಕದಲ್ಲಿಟ್ಟರೆ ಸಾಕ್ಷ್ಯದ ತಾರತಮ್ಯವು ಸ್ಪಷ್ಟವಾಗುತ್ತದೆ. ಚಂದ್ರಗುಪ್ತನ ವಿಚಾರದಲ್ಲಿ ಘಟನೆಗೂ ಮೊದಲ ಬರೆಹಕ್ಕೂ ನಡುವೆ ಸುಮಾರು ಒಂಬತ್ತು ಶತಮಾನಗಳ ಅಂತರವಿದೆ. ಬರೆಹಗಳು ಒಂದರೊಡನೊಂದು ಹೊಂದುವುದಿಲ್ಲ. ಬರೆದವರಿಗೆ ಆ ಸ್ಥಳದ ಮಹಿಮೆಯಲ್ಲಿ ಆಸಕ್ತಿಯಿದೆ. ಶಾಂತಲೆಯ ವಿಚಾರದಲ್ಲಿ ಬರೆಹವು ಸಮಕಾಲೀನ. ಬರೆದವನಿಗೆ ಶಿವಗಂಗೆಯ ಮಹಿಮೆಯನ್ನು ಹೆಚ್ಚಿಸುವುದರಲ್ಲಿ ಯಾವ ಲಾಭವೂ ಇಲ್ಲ. ಆದರೂ ಲೋಕದ ನೆನಪಿನಲ್ಲಿ ಎರಡೂ ಒಂದೇ ಬಗೆಯ ‘ಐತಿಹ್ಯ’ಗಳಾಗಿ ನಿಂತಿವೆ. ಬಲವಾದ ಸಾಕ್ಷ್ಯವುಳ್ಳ ಮರಣವು, ತನಗೆ ಅಂಟಿಕೊಂಡ ಕಥೆಯ ದೆಸೆಯಿಂದ, ದುರ್ಬಲ ಸಾಕ್ಷ್ಯವುಳ್ಳ ಮರಣದ ಸಾಲಿಗೆ ಇಳಿದಂತಾಗಿದೆ.

ಈವರೆಗೆ ಹೇಳಿದುದರಿಂದ ಹೊರಡುವ ತಾತ್ಪರ್ಯ ಇಷ್ಟು. ಶಾಂತಲದೇವಿಯ ಮರಣಸ್ಥಳವು ಶಿವಗಂಗೆ. ಇದರಲ್ಲಿ ಸಂದೇಹಪಡಲು ಕಾರಣವಿಲ್ಲ. ಆಕೆಯ ಮರಣವನ್ನು ಸಾರುವ ಕಲ್ಲು ನಿಂತಿರುವುದು ಬೆಳಗೊಳದಲ್ಲಿ. ಅದು ನಿಂತುದು ತಾಯಿಯ ಸಲುವಾಗಿ. ಜನರ ನೆನಪು ನೆಲೆನಿಂತಿರುವುದು ಬೆಟ್ಟದ ತುದಿಯ ಅಂಚಿನಲ್ಲಿ. ಅದಕ್ಕೆ ಶಾಸನದ ಆಧಾರವಿಲ್ಲ. ಮೂರು ಸ್ಥಳಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡರೆ ಮೂರಕ್ಕೂ ಅರ್ಥವುಂಟು. ಬೆರಸಿದರೆ ಯಾವುದಕ್ಕೂ ಇಲ್ಲ.

ಇಂಥ ವಿಂಗಡಣೆಯು ಒಣ ಶಾಸ್ತ್ರದ ಮಾತಲ್ಲ. ಬಸದಿಯನ್ನು ಕಟ್ಟಿಸಿ, ದೇವರನ್ನು ಪ್ರತಿಷ್ಠಿಸಿ, ತನ್ನ ಬಿರುದಿನಿಂದಲೇ ಒಂದು ಕಟ್ಟಡಕ್ಕೆ ಹೆಸರನ್ನು ಕೊಟ್ಟ ರಾಣಿಯೊಬ್ಬಳು ಆಮೇಲಿನ ಕಥೆಯಲ್ಲಿ ಮಗನಿಲ್ಲದ ಕೊರಗಿನಿಂದ ಬೆಟ್ಟದಿಂದ ಬಿದ್ದವಳಾಗಿ ಮಾತ್ರ ಉಳಿಯುವುದು ಆಕೆಗೆ ಆದ ಅನ್ಯಾಯ. ಆಕೆಯ ಕೊನೆಯ ದಿನವನ್ನು ತಿಥಿವಾರಗಳೊಡನೆ ಉಳಿಸಿಕೊಟ್ಟುದು ಒಬ್ಬ ತಾಯಿಯ ದುಃಖ. ಆ ದುಃಖವು ಹೇಳಿದಷ್ಟನ್ನು ಗೌರವದಿಂದ ಕೇಳಿ, ಹೇಳದೆ ಉಳಿಸಿದುದನ್ನೂ ಅಷ್ಟೇ ಗೌರವದಿಂದ ಉಳಿಯಗೊಡುವುದು ಶಾಸನವನ್ನು ಓದುವವರ ಮೊದಲ ಕರ್ತವ್ಯವಾಗಿದೆ.